ನಿನ್ನ ಕೋಟಿನ ಜೇಬಿನಲ್ಲಿ ಸಿಕ್ಕ ಬಿರಡೆ

ಕೆಳಗಿನ ಕೋಣೆಯಲ್ಲಿ ಹಂದಿಯ ತೊಡೆಗೆ ಉಪ್ಪು ತಿಕ್ಕುತ್ತ ಕುಳಿತಿರುವ ಅಪ್ಪನಿಗೆ,

ಮೊದಲು ಕೈ ತೊಳೆದುಕೊಂಡು ಬಾ. ಆಮೇಲೆ ಓದು.

ಹದಿನಾಲ್ಕು ಮೆಟ್ಟಿಲು ಇಳಿದರೆ ಮಾತಾಡಬಹುದಾದ ಅಪ್ಪನಿಗೆ ಕಾಗದ ಬರೆಯುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀಯ. ಹೌದು, ಕೆಟ್ಟಿದೆ. ಕೆಡಿಸಿದವನು ನೀನೇ. ನಾವಿಬ್ಬರು ಎದುರುಬದುರು ನಿಂತು ಮಾತಾಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಮೂರನೆಯ ಮಾತಿಗೆ ನೀನು ಟೋಪಿ ಹಾಕಿಕೊಂಡು ತೋಟಕ್ಕೆ ಹೊರಟುಬಿಡುತ್ತೀಯ, ನಾನು ಬಾಗಿಲು ಬಡಿಯುತ್ತೇನೆ, ಅಮ್ಮ ಒಲೆಯ ಮುಂದಿನಿಂದಲೇ "ಶುರುವಾಯ್ತು ಇವರದ್ದು" ಎನ್ನುತ್ತಾಳೆ. ಕಾಗದವನ್ನಾದರೆ ನೀನು ಅರ್ಧಕ್ಕೆ ಬಿಟ್ಟು ತೋಟಕ್ಕೆ ಹೋದರೂ ಅದು ಮೇಜಿನ ಮೇಲೆ ಬಿದ್ದಿರುತ್ತದೆ. ವಾಪಸು ಬಂದಾಗ ಉಳಿದದ್ದನ್ನು ಓದಲೇಬೇಕಾಗುತ್ತದೆ.

ನಾಡಿದ್ದು ಶುಕ್ರವಾರ. ಬೆಳಿಗ್ಗೆ ಎದ್ದು ಏಣಿ ಹೊತ್ತುಕೊಂಡು ಹೋಗಿ ಕೂಡುರಸ್ತೆಯ ಕಂಬಕ್ಕೆ ಐವಿ ಬಳ್ಳಿಯ ಹಸಿರು ಕೊಂಬೆ ಕಟ್ಟುತ್ತೀಯ. ಅದನ್ನು ನೋಡಿಕೊಂಡು ಜನ ನಮ್ಮ ಅಂಗಳಕ್ಕೆ ಬರುತ್ತಾರೆ. ಹತ್ತು ದಿನ ನಮ್ಮ ವೈನು, ನಮ್ಮ ಹಂದಿ, ಅಮ್ಮ ಬೇಯಿಸಿದ ಮೊಟ್ಟೆ, ಪಕ್ಕದ ಮನೆಯ ಪೆಪಿ ಮಾಮನ ಹಾಡು. ಹತ್ತು ದಿನವಾದ ಮೇಲೆ ಕೊಂಬೆ ಇಳಿಸಿ ಬಾಗಿಲು ಹಾಕಬೇಕು. ಮೂರು ವರ್ಷದಿಂದ ನಾನು ಕೇಳುತ್ತಿರುವುದು ಇಷ್ಟೇ: ಆ ಹತ್ತು ದಿನ ಮೇಜಿನ ಮೇಲೆ ನಿನ್ನ ಕೆಂಪು ವೈನಿನ ಹೂಜಿ ಇರಲಿ, ನಿನ್ನ ಬಿಳಿ ವೈನಿನ ಹೂಜಿಯೂ ಇರಲಿ, ಪಕ್ಕದಲ್ಲಿ ನನ್ನದೂ ಒಂದು ಇರಲಿ. ಮೂರು ವರ್ಷದಿಂದ ನಿನ್ನ ಉತ್ತರವೂ ಒಂದೇ. "ನನ್ನ ಕೊಂಬೆ ಕೆಳಗೆ ನನ್ನ ವೈನು." ಈ ಸಲ ಅದಕ್ಕೆ ಬಾಲವೊಂದನ್ನು ಸೇರಿಸಿದ್ದೀಯ. ಆ ಹತ್ತು ದಿನ ಕಳೆದ ಮೇಲೆ ನಿನಗೆ ಪೀಪಾಯಿ ಬೇಕಂತೆ, ಅದಕ್ಕೆ ನನ್ನ ವೈನನ್ನು ವಿನೆಗರ್‌ಗೆ ಬಿಡುತ್ತೀಯಂತೆ. ನನ್ನ ಹತ್ತಿರ ಇರುವುದೇ ಒಂದು ಪೀಪಾಯಿ, ಅಪ್ಪ.

ನಿನ್ನ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲದೆ ಇಲ್ಲ. ಬಿಳಿ ದ್ರಾಕ್ಷಿಯನ್ನು ಜಜ್ಜಿ, ಸಿಪ್ಪೆ ತೆಗೆಯದೆ ಇಪ್ಪತ್ತು ದಿನ ರಸದಲ್ಲೇ ಬಿಡುವುದು ಅಜ್ಜಿಯ ಕ್ರಮ. ವೈನು ಜೇನಿನ ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಗೆ ಒಗರು ಹತ್ತುತ್ತದೆ. ನೀನು ಇಪ್ಪತ್ತೈದರ ಹುಡುಗನಿದ್ದಾಗ ಊರಿಗೇ ಮೊದಲು ಸ್ಟೀಲಿನ ಟ್ಯಾಂಕು ತಂದೆ. ಸಿಪ್ಪೆಯನ್ನು ಅದೇ ದಿನ ಹಿಂಡಿ ಬಿಸಾಡಿದೆ. ವೈನು ತಿಳಿನೀರಿನಂತೆ ಹೊಳೆಯಿತು, ಕೆಳಗಿನ ಟ್ರಿಯೆಸ್ಟಿನಿಂದ ಕಾರು ಕಟ್ಟಿಕೊಂಡು ಜನ ಬಂದರು, ಅಜ್ಜಿಯ ಮರದ ತೊಟ್ಟಿಗಳಲ್ಲಿ ಅಮ್ಮ ಜೆರೇನಿಯಂ ಗಿಡ ನೆಟ್ಟಳು. ಆಮೇಲೆ ನಿನ್ನ ಮಗಳು ಬಂದು ಜೆರೇನಿಯಂ ಕಿತ್ತು ಅದೇ ತೊಟ್ಟಿಯನ್ನು ತೊಳೆದರೆ ನಿನಗೆ ಹೇಗಾಗಬೇಡ? "ನಲವತ್ತು ವರ್ಷ ಒದ್ದಾಡಿ ಆ ಕೆಸರನ್ನ ಮನೆಯಿಂದ ಆಚೆ ಹಾಕ್ದೆ ಕಣೇ. ನೀನು ಮತ್ತೆ ಒಳಗೆ ತಂದ್ಯಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದಕ್ಕೆ 'ತುಕ್ಕುನೀರು' ಎಂದು ನಾಮಕರಣವನ್ನೂ ಮಾಡಿದೆ. ಪೆಪಿ ಮಾಮನ ಕಿವಿಗೆ ಬಿದ್ದ ಮೇಲೆ ಕೇಳಬೇಕೆ? ಚರ್ಚಿನ ಬಾಗಿಲಲ್ಲಿ ನಿಂತು, "ನೆವೆಂಕಾ, ನಮ್ಮನೆ ಗೇಟಿನ ಬಣ್ಣ ಹೋಗಿದೆ, ಬಳಿಯೋಕೆ ನಿಂದೊಂದು ಲೋಟ ಕೊಡ್ತೀಯೇನೇ?" ಎಂದು ಕೂಗಿ ಕೇಳಿದ. ಇಡೀ ಊರು ನಕ್ಕಿತು. ನೀನೂ ನಕ್ಕೆ. ನಾನು ನೋಡಿದೆ.

ಅದಕ್ಕೇ ಈ ಪ್ರವಾಸ. ನಿನ್ನ ಎಪ್ಪತ್ತನೆಯ ವರ್ಷದ ಉಡುಗೊರೆ ಎಂದು ಹೇಳಿದ್ದು ಅರ್ಧ ಸುಳ್ಳು. ಈ ಗುಡ್ಡ ಇಳಿದು ಹನ್ನೆರಡು ದಿನ ಬೇರೆಯವರ ಮೇಜಿನಲ್ಲಿ ಉಂಡು ಕುಡಿದರೆ ನಿನ್ನ ನಾಲಿಗೆ ಸ್ವಲ್ಪ ಸಡಿಲವಾದೀತು, ಲೋಕದಲ್ಲಿ ನೂರು ಥರದ ವೈನು ಇದೆ, ನೂರಕ್ಕೂ ಜಾಗ ಇದೆ ಎಂದು ನಿನಗೇ ಅನ್ನಿಸೀತು ಎಂಬ ಆಸೆ. ಅಮ್ಮನಂತೂ ಎರಡೂ ಕೈಯಲ್ಲಿ ಹರಸಿದಳು. "ಹೋಗ್ಬನ್ನಿ, ಹನ್ನೆರಡು ದಿನ ನನ್ನ ಕಿವಿಗೂ ರಜ" ಎಂದಳು. ನೀನು ಏನು ಮಾಡಿದೆ? ವ್ಯಾನಿನ ಹಿಂದಿನ ಸೀಟಿನಲ್ಲಿ, ಕಂಬಳಿ ಹೊದಿಸಿ, ನಿನ್ನ ಕೆಂಪು ವೈನಿನ ದೊಡ್ಡ ಗಾಜಿನ ಜಾಡಿಯನ್ನು ಕೂರಿಸಿದೆ. ಅದಕ್ಕೆ ಬೆಲ್ಟು ಬೇರೆ ಹಾಕಿದೆ. ಪಕ್ಕದಲ್ಲಿ ಬಟ್ಟೆ ಸುತ್ತಿದ ಅರ್ಧ ತೊಡೆ ಒಣಮಾಂಸ, ನಿನ್ನ ಚಾಕು. "ಇರ್ಲಿ, ಅಲ್ಲಿ ಏನ್ ಕೊಡ್ತಾರೋ ಏನೋ" ಎಂದೆ. ಹೋಗುತ್ತಿದ್ದದ್ದು ಊಟಕ್ಕೆಂದೇ ಜನ ದೂರದೂರದಿಂದ ಬರುವ ಊರುಗಳಿಗೆ!

ಮೊದಲ ದಿನವೇ ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿದೆ. ಸಾನ್ ದನಿಯೇಲೆಯಲ್ಲಿ ಹಾಳೆಯಷ್ಟು ತೆಳ್ಳಗೆ ಕೊಯ್ದ ಒಣಮಾಂಸ ನಾಲಿಗೆಯ ಮೇಲೆ ಕರಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನೀನು ಒಂದು ಎಸಳನ್ನು ಬೆಳಕಿಗೆ ಹಿಡಿದು ಆ ಕಡೆಯಿಂದ ನನ್ನನ್ನು ನೋಡಿದೆ. "ನೀನು ಕಾಣಿಸ್ತಾ ಇದ್ದೀಯ ಇದ್ರಲ್ಲಿ. ಸಿಹಿಯಾಗಿದೆ. ಹಲ್ಲಿಲ್ಲದೋರಿಗೆ ಒಳ್ಳೇದು." ವೈನು ಬಂತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. "ಚೆನ್ನಾಗಿದೆ. ಆದ್ರೆ ಕಲ್ಲಿಲ್ಲ."

ಆ ಎರಡು ಮಾತು ಹನ್ನೆರಡು ದಿನ ನನ್ನ ಪ್ರಾಣ ತಿಂದವು. ನಮ್ಮ ಬಳ್ಳಿಗಳು ಸುಣ್ಣದ ಬಂಡೆ ಸೀಳಿಕೊಂಡು ಬೇರು ಬಿಡುತ್ತವೆ, ಆ ಬಂಡೆಯ ರುಚಿ ವೈನಿಗೆ ಬರಬೇಕು ಎನ್ನುವುದು ನಿನ್ನ ಲೆಕ್ಕ. ಸರಿ, ಒಪ್ಪಿದೆ. ಆದರೆ ನದೀತೀರದವನ ವೈನಿನಲ್ಲಿ ಕಲ್ಲು ಎಲ್ಲಿಂದ ಬರಬೇಕು? ಅಲ್ಸಾಸಿನಲ್ಲಿ ಹುಳಿಕೋಸಿನ ಮೇಲೆ ಐದು ಬಗೆಯ ಹಂದಿಮಾಂಸ ಪೇರಿಸಿದ ತಟ್ಟೆ ಬಂದಾಗ ನಿನ್ನ ಮುಖ ಅರಳಿತು, ಎರಡು ತಟ್ಟೆ ತಿಂದೆ, ರೊಟ್ಟಿಯಿಂದ ತಟ್ಟೆ ಒರೆಸಿದೆ. ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ. "ನಿಮ್ಮಮ್ಮ ಇದನ್ನೇ ಬೀನ್ಸ್ ಹಾಕಿ ಸಾರು ಮಾಡ್ತಾಳೆ. ಇಷ್ಟೊಂದು ಮಾಂಸ ಬೇಕಾಗಲ್ಲ" ಎಂದೆ. ನಲವತ್ತು ವರ್ಷ ಅಮ್ಮನ ಸಾರಿಗೆ ಮಾಂಸ ಕಡಿಮೆ ಎಂದು ಗೊಣಗಿದವನು ನೀನು. ಆ ವೈನಿನಲ್ಲಿ ಹೂವಿನ ಪರಿಮಳವಿತ್ತು, ನಾನು ಎರಡನೆಯ ಲೋಟ ಎತ್ತಿಕೊಂಡಿದ್ದೆ. ನೀನು ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ: "ಗೊತ್ತು, ಕಲ್ಲಿಲ್ಲ." ನೀನು ತಲೆಯಾಡಿಸಿದೆ. ಆಮೇಲೆ ನನ್ನ ಬಾಯಲ್ಲಿದ್ದ ರುಚಿಯೂ ಹೋಯಿತು.

ಇದರ ಮಧ್ಯೆ ತಿರೋಲಿನ ಆ ಮನೆ. ಅದನ್ನು ಬರೆಯದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ನಾನು ವ್ಯಾನಿಗೆ ಪೆಟ್ರೋಲ್ ಹಾಕಿಸಿ ಬರುವಷ್ಟರಲ್ಲಿ ನೀನು ನಾಪತ್ತೆ. ಹುಡುಕಿಕೊಂಡು ಹೋದರೆ ಒಂದು ಮನೆಯೊಳಗೆ, ಅಡುಗೆಮನೆಯ ಮೂಲೆಬೆಂಚಿನ ಮೇಲೆ, ಟೋಪಿ ಪಕ್ಕಕ್ಕಿಟ್ಟು ಕುಳಿತಿದ್ದೀಯ. ಮನೆಯವರು ಊಟದ ಮಧ್ಯೆ ಚಮಚ ಹಿಡಿದುಕೊಂಡೇ ನಿನ್ನನ್ನು ನೋಡುತ್ತಿದ್ದಾರೆ. ನೀನು ಅರ್ಧ ಲೀಟರ್ ಕೆಂಪು ವೈನು ಕೇಳಿದ್ದೀಯ! ಬಾಗಿಲ ಮೇಲೆ ಹಸಿರು ಕೊಂಬೆ ಕಂಡಿತ್ತಂತೆ. ಅಪ್ಪ, ಅದು ಕ್ರಿಸ್ಮಸ್ ಹತ್ತಿರ ಬಂತೆಂದು ಕಟ್ಟಿದ ಅಲಂಕಾರದ ಮಾಲೆ. ಕೆಂಪು ರಿಬ್ಬನ್ ಕಾಣಲಿಲ್ಲವೇ? ಆ ಮನೆಯ ಅಜ್ಜಿ ದೊಡ್ಡ ಮನಸ್ಸಿನವರು. "ಕೂತಿದಾರೆ, ಹಸಿದಿರ್ಬೇಕು, ಎಬ್ಬಿಸ್ಬೇಡ" ಎಂದು ನನಗೂ ಒಂದು ಬಟ್ಟಲು ಇಟ್ಟರು. ಹೊಗೆಯ ಮಾಂಸ ಸೇರಿಸಿ ಉಂಡೆ ಕಟ್ಟಿದ ರೊಟ್ಟಿಯ ಸಾರು, ಜೊತೆಗೆ ಮನೆಯದೇ ತೆಳು ಕೆಂಪು ವೈನು. ನಾನು ನಾಚಿಕೆಯಿಂದ ಬಟ್ಟಲನ್ನೇ ನೋಡುತ್ತ ಕುಳಿತೆ. ನೀನು ಮೂರು ಉಂಡೆ ತಿಂದು, ವ್ಯಾನಿನಿಂದ ನಿನ್ನ ಜಾಡಿ ತಂದು ಅವರೆಲ್ಲರಿಗೂ ಸುರಿದುಕೊಟ್ಟು, ಹೊಗೆಮಾಂಸ ತಿನ್ನುತ್ತ ಅವರಿಗೇ ಪಾಠ ಹೇಳಿದೆ: "ನಿಮಗೆ ನಮ್ಮ ಗುಡ್ಡದ ಒಣ ಬುರ್ಯಾ ಗಾಳಿ ಇಲ್ಲ ಪಾಪ, ಅದಕ್ಕೇ ಸೌದೆ ಸುಟ್ಟು ಒಣಗಿಸ್ತೀರ." ಅವರು ನಕ್ಕರು. ಹೊರಡುವಾಗ ಅಜ್ಜಿ ನಿನ್ನ ಕೈ ಹಿಡಿದು ಮುಂದಿನ ವರ್ಷವೂ ಬನ್ನಿ ಎಂದರು. ಊರವರೆಲ್ಲರಿಗೂ ಇಷ್ಟವಾಗುವ ಮನುಷ್ಯ ಮಗಳ ಮುಂದೆ ಮಾತ್ರ ಯಾಕೆ ಹೀಗೆ ಬಿಗಿದುಕೊಳ್ಳುತ್ತಾನೆ ಎಂದು ವ್ಯಾನಿನಲ್ಲಿ ಕುಳಿತು ಯೋಚಿಸಿದೆ.

ಕೊನೆಗೆ ಯೂರಾ ಬೆಟ್ಟದ ಒಡೀಲ್ ಮನೆ. ಅವಳು ನನ್ನ ವಯಸ್ಸಿನವಳು, ತಂದೆಯ ತೋಟ ನೋಡಿಕೊಳ್ಳುವವಳು. ಎರಡು ವರ್ಷದ ಹಿಂದೆ ಬೆಳೆಗಾರರ ಕೂಟವೊಂದರಲ್ಲಿ ಪರಿಚಯವಾಗಿ, ನನ್ನ ಆರು ಬಾಟಲಿ ಅವಳಿಗೆ ಕೊಟ್ಟು ಅವಳ ಆರು ನಾನು ತಂದಿದ್ದೆ. ಇಷ್ಟನ್ನು ನಿನಗೆ ಹೇಳಿರಲಿಲ್ಲ. ಅವಳಿಗೆ ಇಟಾಲಿಯನ್ ಬರುತ್ತಿದ್ದದ್ದರಿಂದ ನಿನಗೆ ಮಾತಿಗೂ ತೊಂದರೆಯಾಗಲಿಲ್ಲ. ಕೆನೆ, ಕಾಡಿನ ಅಣಬೆ, ಅವರ ಹಳದಿ ವೈನು ಹಾಕಿ ಬೇಯಿಸಿದ ಕೋಳಿ ಮಾಡಿದ್ದಳು. ನೀನು ಮೂಳೆ ಚೀಪಿದೆ. ಚೀಸಿನ ದೊಡ್ಡ ತುಂಡಿಗೆ ನಿನ್ನ ಚಾಕುವನ್ನೇ ಹಾಕಿದೆ. ಆ ಹಳದಿ ವೈನನ್ನು ಮಾಡುವ ಕ್ರಮ ಕೇಳಿದಾಗ ಮಾತ್ರ ನಿನ್ನ ಕೈ ನಿಂತಿತು.

"ಆರು ವರ್ಷ ಪೀಪಾಯಿ ತುಂಬಿಸ್ದೆ ಹಾಗೇ ಬಿಡ್ತೀಯಾ? ವೈನು ಇಳಿದ ಹಾಗೆ ಮೇಲೆ ಸುರಿಯಲ್ವಾ?"

"ಇಲ್ಲ ಯಜಮಾನ್ರೇ, ಮುಟ್ಟೋದೇ ಇಲ್ಲ."

"ನಿಮ್ಮಪ್ಪ ಬಯ್ಯಲ್ವೇನಮ್ಮಾ?"

"ಅಪ್ಪನೇ ಕಲಿಸಿದ್ದು."

ನೀನು ಹೌಹಾರಿದ್ದನ್ನು ನೋಡಿ ಅವಳು ನಕ್ಕಳು. ಐವತ್ತು ವರ್ಷದಿಂದ ಪ್ರತಿ ಶನಿವಾರ ಪೀಪಾಯಿಗಳನ್ನು ಬಾಯಿಮಟ್ಟ ತುಂಬಿಸಿಟ್ಟ ಕೈ ನಿನ್ನದು. ಒಂದು ಬೆರಳು ಗಾಳಿ ನಿಂತರೂ ವೈನು ಹುಳಿಯಾಗುತ್ತದೆಂದು ನಿನಗೆ ನಿದ್ದೆ ಬರುವುದಿಲ್ಲ. ಆದರೂ ಆ ಹುಡುಗಿಗೆ, ಬೇರೆಯವರ ಮಗಳಿಗೆ, "ಧೈರ್ಯ ಇದೆ ನಿಂಗೆ" ಎಂದೆ. ನನಗೆ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಟ್ಟು ಏನಾಗಬೇಕು, ಅಂದು ನನಗೆ ಒಡೀಲ್ ಮೇಲೆ ಹೊಟ್ಟೆ ಉರಿಯಿತು.

ಆಮೇಲೆ ಅವಳು ಒಳಗೆ ಹೋಗಿ ಚೀಟಿಯಿಲ್ಲದ ಬಾಟಲಿಯೊಂದನ್ನು ತೆರೆದು, ಬಿರಡೆಯನ್ನು ಮತ್ತೆ ಅದರ ಬಾಯಿಗೆ ಸಿಕ್ಕಿಸಿ ತಂದಳು. "ಇದು ನಂದಲ್ಲ. ನನ್ನ ಸ್ನೇಹಿತೆ ಮಾಡಿದ್ದು. ಎಲ್ಲಿಯವಳು ಅಂತ ಹೇಳಲ್ಲ, ಕುಡಿದು ಹೇಳಿ" ಎಂದು ಸುರಿದಳು. ಬಣ್ಣ ಕಂಡೊಡನೆ ಅದು ನನ್ನದೇ ಎಂದು ಗೊತ್ತಾಯಿತು. ನಾನು ಹೀಗೆ ಮಾಡು ಎಂದು ಅವಳಿಗೆ ಹೇಳಿರಲಿಲ್ಲ, ನಿನ್ನಾಣೆ. ನೀನು ಮೂಸಿದೆ. ಒಂದು ಗುಟುಕು ಕುಡಿದೆ. ನಮ್ಮ ಒಣಮಾಂಸಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಒಂದು ದಪ್ಪ ತುಂಡು ಕೊಯ್ದು ತಿಂದು ಮತ್ತೆ ಕುಡಿದೆ. ಲೋಟ ಖಾಲಿಯಾಯಿತು. ನೀನಾಗಿಯೇ ಲೋಟ ಮುಂದೆ ಹಿಡಿದೆ, ಹನ್ನೊಂದು ದಿನದಲ್ಲಿ ಮೊದಲ ಸಲ.

"ಇದ್ರಲ್ಲಿ ಕಲ್ಲಿದೆ" ಎಂದೆ. ಲೋಟವನ್ನು ಇನ್ನೊಮ್ಮೆ ಮೂಸಿ, "ನಮ್ಮಮ್ಮನ ನೆಲಮಾಳಿಗೆ ಥರ ಇದೆ. ಮಾಡಿದೋರು ಅವಸರ ಮಾಡಿಲ್ಲ" ಎಂದೆ.

ಒಡೀಲ್ ನನ್ನ ಕಡೆ ನೋಡಿದಳು. ಈಗ ಹೇಳು ಎಂದು ಕಣ್ಣಲ್ಲೇ ತಿವಿದಳು. ನಾನು ಹೇಳಲಿಲ್ಲ. ಹೇಳಿದರೆ ನೀನು ಆ ಮಾತನ್ನು ವಾಪಸು ತೆಗೆದುಕೊಂಡುಬಿಡುತ್ತೀಯ ಎಂಬ ಭಯ. ಮೂರು ವರ್ಷ ಕಾದು ಸಿಕ್ಕ ಮಾತು, ಒಂದೇ ಒಂದು ಇರುಳಾದರೂ ನನ್ನ ಹತ್ತಿರ ಇರಲಿ ಎನ್ನಿಸಿತು. ತಟ್ಟೆ ಎತ್ತುವ ನೆಪದಲ್ಲಿ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಕಾದೆ. ನೀನಾಗಿ ಆ ವೈನಿನ ಮಾತು ಎತ್ತುತ್ತೀಯ, ಆಗ ಮೆಲ್ಲಗೆ ಹೇಳಿಬಿಡೋಣ ಎಂದು. ನೀನು ಎತ್ತಿದ್ದೆಲ್ಲ ತುಂಬಿಸದ ಪೀಪಾಯಿಯ ಮಾತೇ. "ಆರು ವರ್ಷ! ಹಾಗೇ ಬಿಡ್ತಾಳಂತೆ!" ಎಂದು ಮಿಲಾನಿನ ಹತ್ತಿರ ಒಮ್ಮೆ, ವೆರೋನಾದ ಹತ್ತಿರ ಒಮ್ಮೆ. ಮನೆಗೆ ಬಂದ ಸಂಜೆ ಪೆಪಿ ಮಾಮ ಬೇಲಿಯ ಮೇಲಿನಿಂದ, "ಏನೋ ಸ್ತಾಂಕೊ, ಹೆಂಗಿತ್ತೋ ನಿನ್ನ ಯುರೋಪು?" ಎಂದು ಕೇಳಿದ. "ಕೋಳಿ ಚೆನ್ನಾಗಿತ್ತು" ಎಂದೆ. ಅಷ್ಟೇ! ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ವಿನೆಗರಿನ ಮಾತು ತೆಗೆದೆ. ನನಗೆ ಆ ಕಾಫಿಲೋಟವನ್ನು ಗೋಡೆಗೆ ಬೀಸಬೇಕೆನ್ನಿಸಿತು. ಅಮ್ಮನಿಗೆ ಇಷ್ಟದ ಲೋಟ ಎಂದು ಬಿಟ್ಟೆ.

ಇವತ್ತು ಬೆಳಿಗ್ಗೆ ನಿನ್ನ ಕೋಟು ಒಗೆಯಲೆಂದು ಜೇಬು ತಡಕಿದೆ. ಒಂದು ಬಿರಡೆ ಸಿಕ್ಕಿತು. ಅದರ ತಲೆಯ ಮೇಲೆ ಆರು ದಳದ ಹೂವು. ನಮ್ಮ ಅಂಗಳದ ಹೆಬ್ಬಾಗಿಲ ಕಲ್ಲಿನ ಮೇಲೆ ಮುತ್ತಜ್ಜ ಕೆತ್ತಿದ ಹೂವು, ಅಜ್ಜಿ ಕಬ್ಬಿಣ ಕಾಯಿಸಿ ಬಿರಡೆಗೆ ಒತ್ತುತ್ತಿದ್ದ ಅದೇ ಹೂವು. ನೀನು ಹಳೆ ಸಾಮಾನಿನ ಕೊಟ್ಟಿಗೆಗೆ ಎಸೆದಿದ್ದ ಆ ಮುದ್ರೆಯನ್ನು ಹುಡುಕಿ ತೆಗೆದು, ತುಕ್ಕು ಉಜ್ಜಿ, ನನ್ನ ಬಾಟಲಿಗಳ ಬಿರಡೆಗೆ ಒತ್ತಿದವಳು ನಾನು. ಲೋಕದಲ್ಲಿ ಆ ಮುದ್ರೆ ಇನ್ನೆಲ್ಲೂ ಇಲ್ಲ.

ಅಂದರೆ ನಿನಗೆ ಗೊತ್ತಿತ್ತು. ಒಡೀಲಳ ಮನೆಯಲ್ಲಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ, ಅಷ್ಟು ದೂರ ನನ್ನ ಪಕ್ಕದ ಸೀಟಿನಲ್ಲಿ ಅದರ ಮೇಲೆ ಕೈಯಿಟ್ಟುಕೊಂಡು ಕುಳಿತೆ, ಆಮೇಲೆ ಬಂದು ವಿನೆಗರ್ ಎಂದೆ! ನನಗೆ ಗೊತ್ತು ಎಂದು ನೀನು ಹೇಳಲಿಲ್ಲ. ಅದು ನನ್ನದು ಎಂದು ನಾನು ಹೇಳಲಿಲ್ಲ. ಎಂಥ ಮನುಷ್ಯರು ನಾವು! ಬಾಯಿಬಿಟ್ಟರೆ ಏನು ಉದುರಿಹೋಗುತ್ತಿತ್ತು ನಮ್ಮಿಬ್ಬರದು? ಬಿರಡೆ ನೋಡಿದ್ದು ಆ ಮಾತು ಹೇಳುವ ಮೊದಲೋ, ಆಮೇಲೋ? ಬೆಳಿಗ್ಗೆಯಿಂದ ಇದೊಂದೇ ನನ್ನ ತಲೆ ಕೊರೆಯುತ್ತಿದೆ. ಆಮೇಲೆ ಎಂದಾದರೆ ನಿನ್ನ ನಾಲಿಗೆ ನಿಜ ಹೇಳಿತು. ಮೊದಲೇ ಎಂದಾದರೆ ನೀನು ನನಗೆ ಕೇಳಲಿ ಎಂದೇ ಹೇಳಿದೆ. ಎರಡರಲ್ಲಿ ಯಾವುದು ಬೇಕೆಂದು ಕೇಳಿದರೆ ನನಗೂ ಗೊತ್ತಿಲ್ಲ.

ಇಲ್ಲಿಯವರೆಗೆ ಬರೆದು, ಸಿಟ್ಟು ತಡೆಯದೆ, ಇನ್ನೊಂದು ಸಲ ನನ್ನ ವೈನನ್ನು ನಾನೇ ಕುಡಿದು ನೋಡೋಣ ಎಂದು ನೆಲಮಾಳಿಗೆಗೆ ಹೋಗಿದ್ದೆ. ಈಗಷ್ಟೇ ಮೇಲೆ ಬಂದೆ. ಮೆಟ್ಟಿಲು ಓಡಿ ಹತ್ತಿದ್ದೇನೆ, ಅಕ್ಷರ ಕೆಟ್ಟರೆ ಕ್ಷಮಿಸು.

ನನ್ನ ಪೀಪಾಯಿ ಬಾಯಿಮಟ್ಟ ತುಂಬಿದೆ. ಅದು ಹೇಗೆ ಸಾಧ್ಯ? ನಾನು ಅದನ್ನು ತುಂಬಿಸಿದ್ದು ಪ್ರವಾಸಕ್ಕೆ ಮೊದಲು. ಇಷ್ಟು ದಿನಕ್ಕೆ ಮರದ ಮೂಲಕ ಆವಿಯಾಗಿಯೇ ಎರಡು ಬೆರಳಾದರೂ ಇಳಿದಿರಬೇಕಿತ್ತು. ಪೀಪಾಯಿಯ ಹಿಂದೆ ಅಜ್ಜಿಯ ಬಿರುಕುಬಿಟ್ಟ ಮಣ್ಣಿನ ಲೋಟ ಬೋರಲು ಹಾಕಿತ್ತು, ಇನ್ನೂ ಒದ್ದೆ. ಪಕ್ಕದಲ್ಲಿ ನಿನ್ನ ಸ್ಟೀಲ್ ಟ್ಯಾಂಕಿನ ಜಗ್ಗು, ತಳದಲ್ಲಿ ನಿನ್ನ ತಿಳಿ ಬಿಳಿ ವೈನು. ಅಮ್ಮ ನೆಲಮಾಳಿಗೆಗೆ ಇಳಿಯುವುದಿಲ್ಲ, ಅವಳಿಗೆ ಮೊಣಕಾಲು ನೋವು. ಮತ್ತೆ ಯಾರು? ಅಪ್ಪ, ಪ್ರವಾಸ ಮುಗಿಸಿ ಬಂದ ಮೇಲೆ ನೀನು ದಿನಾ ಇಳಿದು ಬಂದು ನನ್ನದನ್ನು ಕುಡಿದಿದ್ದೀಯ. ಕುಡಿದ ಮೇಲೆ ಪೀಪಾಯಿಯಲ್ಲಿ ಗಾಳಿ ನಿಲ್ಲುವುದನ್ನು ನೋಡಿಕೊಂಡಿರಲು ನಿನ್ನ ಕೈಗೆ ಆಗಿಲ್ಲ. ನಿನ್ನದನ್ನು ತಂದು ಸುರಿದು ಬಾಯಿ ಮುಚ್ಚಿದ್ದೀಯ. ವಿನೆಗರ್ ಮಾಡುವವನು ಪೀಪಾಯಿ ತುಂಬಿಸುತ್ತಾನೆಯೇ?

ಮೊದಲು ಸಿಟ್ಟು ನೆತ್ತಿಗೇರಿತು. ಒಂದು ಹನಿ ಬೇರೆಯದು ಸೇರದಂತೆ ಎರಡು ವರ್ಷ ಕಾಪಾಡಿದ್ದೆ! ಕೇಳದೆ ಕೆಡಿಸಿದೆಯಲ್ಲ! ಆಮೇಲೆ ಅದೇ ಮಣ್ಣಿನ ಲೋಟದಲ್ಲಿ ಬಗ್ಗಿಸಿಕೊಂಡು ಕುಡಿದೆ. ಒಗರು ಸ್ವಲ್ಪ ತಗ್ಗಿದೆ. ಹಿಂದಿನಿಂದ ನಿನ್ನ ವೈನಿನ ತಣ್ಣನೆಯ ರುಚಿಯೊಂದು ಬರುತ್ತದೆ. ಹೇಳಲು ನನ್ನ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ, ಚೆನ್ನಾಗಿದೆ.

ಹಾಗಾಗಿ ಇನ್ನು ನನ್ನ ಬೇಡಿಕೆ ಇಲ್ಲ. 'ನನ್ನ ಕೊಂಬೆ ಕೆಳಗೆ ನನ್ನ ವೈನು' ಎಂದೆಯಲ್ಲ, ಆ ಪೀಪಾಯಿಯಲ್ಲಿ ಈಗ ನಿನ್ನದೂ ಇದೆ. ನೀನೇ ಸುರಿದದ್ದು. ಶುಕ್ರವಾರ ಮೊದಲ ಹೂಜಿಯನ್ನು ನಾನು ಪೆಪಿ ಮಾಮನ ಮೇಜಿಗೆ ಒಯ್ಯುತ್ತೇನೆ. ಇದು ಯಾರದ್ದೇ ಎಂದು ಅವನು ಕೇಳೇ ಕೇಳುತ್ತಾನೆ, ಅಂಗಳಕ್ಕೆಲ್ಲ ಕೇಳುವ ಹಾಗೆ. ನಾನು ಬಾಯಿ ಬಿಡುವುದಿಲ್ಲ, ನಿನ್ನ ಕಡೆ ನೋಡುತ್ತೇನೆ. ಈ ಸಲ ನೀನೇ ಹೇಳಬೇಕು.

ಬಿರಡೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನಿನ್ನದು, ಜೇಬಿನಲ್ಲೇ ಇಟ್ಟುಕೋ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಇನ್ನೂ ಬಹಳ ವರ್ಷ ಆ ಏಣಿ ಹತ್ತಿ ಕೊಂಬೆ ಕಟ್ಟುವಂತಾಗಲಿ.

ಹೇಳಿದರೆ ಕೇಳುವವನಲ್ಲ ನೀನು, ಕೈ ತೊಳೆಯದೆಯೇ ಓದಿರುತ್ತೀಯ. ಆ ಉಪ್ಪಿನ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬೇಡ.

ಮೇಲಿನ ಕೋಣೆಯಿಂದ,
ನಿನ್ನ ಮಗಳು
ನೆವೆಂಕ